ಮೊಮ್ಮಗಳ ಅಧ್ಯಯನವೂ ನಿಮ್ಮ ಕಣ್ಣಿನ ಡ್ರಾಪ್ಸೂ

ಬ್ರಹ್ಮಾವರ ಕಡೆಯ ಹಿರಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇದು: "8 ವರ್ಷದ ಮೊಮ್ಮಗಳಿಗೆ ನೆಫ್ರೋಟಿಕ್ ಸಿಂಡ್ರೋಮ್. ಸ್ಟೀರಾಯ್ಡ್ ಮಾತ್ರೆ ನಡೆಯುತ್ತಿದೆ. ಇಂಥ ಮಕ್ಕಳಿಗೆ ಬರುವ ಸೋಂಕಿನ ಬಗ್ಗೆ ಅಧ್ಯಯನ ಮಾಡುತ್ತಿದ್ದೇವೆ, ಸೇರಿಸುತ್ತೀರಾ ಎಂದು ಆಸ್ಪತ್ರೆಯಲ್ಲಿ ಕೇಳಿದರು. ನಮ್ಮ ಮಗುವಿನ ಮೇಲೆ ಪ್ರಯೋಗ ಮಾಡ್ತಾರಾ? ಇನ್ನೊಂದು ವಿಷಯ. ನನಗೆ ಸಕ್ಕರೆ ಕಾಯಿಲೆ ಬಂದು 12 ವರ್ಷವಾಯಿತು. ಅದೇ ಆಸ್ಪತ್ರೆಯಲ್ಲಿ ಕಣ್ಣು ತೋರಿಸು ಎಂದು ಮಗ ಹಠ ಹಿಡಿದಿದ್ದಾನೆ. ಈಗಲೂ ಸೂಜಿಗೆ ದಾರ ಪೋಣಿಸುತ್ತೇನೆ. ಸುಮ್ನೆ ಯಾಕೆ ಖರ್ಚು? ನೇಜಿ ಕೆಲಸ (ಗದ್ದೆಯಲ್ಲಿ ಭತ್ತದ ಸಸಿ ನೆಡುವುದು) ಮುಗಿದ ಮೇಲೆ ನೋಡಿದರೆ ಸಾಲದಾ?"

ಅಮ್ಮಾ, ನಮಸ್ಕಾರ.

ಮೊದಲು ಮಗುವಿನ ವಿಷಯ. ಈ ಕಾಯಿಲೆಯಲ್ಲಿ ಕಿಡ್ನಿಯಿಂದ ಮೂತ್ರದ ಜೊತೆ ಪ್ರೋಟೀನ್ ಸೋರಿ ಹೋಗುತ್ತದೆ. ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳೂ ಅದರೊಟ್ಟಿಗೆ ಹೋಗುತ್ತವೆ. ಕಾಯಿಲೆಗೆ ಕೊಡುವ ಸ್ಟೀರಾಯ್ಡ್ ಮೈಯ ಶಕ್ತಿಯನ್ನು ಇನ್ನಷ್ಟು ತಗ್ಗಿಸುತ್ತದೆ. ಹಾಗಂತ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಅದು ಅಪಾಯ. ಹೆಚ್ಚಿನ ಮಕ್ಕಳಲ್ಲಿ ಕಾಯಿಲೆ ಹತೋಟಿಗೆ ಬರುವುದೇ ಅದರಿಂದ.

ಸ್ಟೀರಾಯ್ಡ್ ಜ್ವರವನ್ನೂ ನೋವನ್ನೂ ಅಡಗಿಸುತ್ತದೆ. ಇದನ್ನು ಮನೆಯವರೆಲ್ಲ ನೆನಪಿಟ್ಟುಕೊಳ್ಳಬೇಕು. ಹೊಟ್ಟೆಯೊಳಗೆ ದೊಡ್ಡ ಸೋಂಕು ಆಗಿದ್ದರೂ ಮೈ ಬರೀ ಬೆಚ್ಚಗಿರಬಹುದು. ಹೊಟ್ಟೆನೋವು, ವಾಂತಿ, ಸಣ್ಣ ಜ್ವರ, ಚರ್ಮ ಕೆಂಪಾಗಿ ಊದುವುದು, ಇವುಗಳಲ್ಲಿ ಯಾವುದು ಕಂಡರೂ ಕಷಾಯ ಕೊಟ್ಟು ರಾತ್ರಿ ಕಳೆಯಬೇಡಿ. ಶಾಲೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ ಯಾರಿಗಾದರೂ ಚಿಕನ್‌ಪಾಕ್ಸ್ ಬಂದು, ಮೊಮ್ಮಗಳು ಅವರ ಹತ್ತಿರ ಇದ್ದಳು ಅಂತಾದರೆ, ಗುಳ್ಳೆ ಬರಲಿ ಎಂದು ಕಾಯದೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಮುಂಚೆಯೇ ಕೊಟ್ಟರೆ ಕೆಲಸ ಮಾಡುವ ಔಷಧ ಇದೆ, ತಡವಾದರೆ ಅದರ ಪ್ರಯೋಜನ ಕಡಿಮೆ.

ಇನ್ನು ಅಧ್ಯಯನ. ಶೀತ, ಕೆಮ್ಮು ಬಂದಾಗ ಈ ಕಾಯಿಲೆ ಮರುಕಳಿಸುವುದು ಜಾಸ್ತಿ. ಶೀತ ಬಂದ ದಿನಗಳಲ್ಲಿ, ದಿನ ಬಿಟ್ಟು ದಿನ ಕೊಡುವ ಸ್ಟೀರಾಯ್ಡನ್ನು ದಿನಾ ಕೊಟ್ಟರೆ ಹೇಗೆ? ದೆಹಲಿಯ ಏಮ್ಸ್‌ನವರು ಪದೇ ಪದೇ ಮರುಕಳಿಸುವ 100 ಮಕ್ಕಳಲ್ಲಿ ಇದನ್ನು ನೋಡಿದರು. ಮರುಕಳಿಕೆ ಕಡಿಮೆಯಾಯಿತು ಎಂದು 2011ರಲ್ಲಿ ಪ್ರಕಟಿಸಿದರು. ಆಮೇಲೆ ಬ್ರಿಟನ್ನಿನಲ್ಲಿ 300ಕ್ಕೂ ಹೆಚ್ಚು ಮಕ್ಕಳನ್ನು ಸೇರಿಸಿಕೊಂಡು ಇನ್ನೂ ದೊಡ್ಡ ಅಧ್ಯಯನ ಮಾಡಿದರು. 2022ರಲ್ಲಿ ಅದರ ಫಲಿತಾಂಶ ಬಂತು: ಅಲ್ಲಿ ಆ ಲಾಭ ಕಾಣಲಿಲ್ಲ. ಇದು ಸಣ್ಣ ವಿಷಯ ಅಲ್ಲ ಅಮ್ಮಾ. ಒಂದೊಂದು ಶೀತಕ್ಕೂ ಮಗುವಿಗೆ ಹೆಚ್ಚುವರಿ ಸ್ಟೀರಾಯ್ಡ್ ಕೊಡಬೇಕೋ ಬೇಡವೋ ಎಂಬುದು ಇಂಥ ಅಧ್ಯಯನದಿಂದಲೇ ಗೊತ್ತಾಗಬೇಕು, ಅಂದಾಜಿನಿಂದ ಅಲ್ಲ. ಯಾರದೋ ಮನೆಯವರು ಆಗಲಿ ಎಂದಿದ್ದಕ್ಕೆ ಅಷ್ಟು ತಿಳಿಯಿತು.

ಆದರೂ ಕೇಳದೆ ಸಹಿ ಹಾಕಬೇಡಿ. ಬರೀ ಯಾವ ಸೋಂಕು, ಎಷ್ಟು ಸಲ ಬಂತು ಎಂದು ಬರೆದಿಟ್ಟುಕೊಳ್ಳುತ್ತಾರಾ, ಅಥವಾ ಹೊಸ ಔಷಧ ಕೊಡುತ್ತಾರಾ? ಎರಡಕ್ಕೂ ಬಹಳ ವ್ಯತ್ಯಾಸ ಇದೆ. ಹೆಚ್ಚುವರಿ ರಕ್ತ ತೆಗೆಯುವುದಾದರೆ ಎಷ್ಟು? ಅದರ ಖರ್ಚು ಯಾರದ್ದು? ಔಷಧದ ಪ್ರಯೋಗವಾದರೆ ಅದು ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಇರಲೇಬೇಕು, 2009ರಿಂದ ಕಡ್ಡಾಯ. ಆ ನಂಬರ್ ಕೇಳಿ. ಪ್ರಯೋಗದಿಂದ ಮಗುವಿಗೆ ತೊಂದರೆಯಾದರೆ ಚಿಕಿತ್ಸೆ ಉಚಿತ, ಪರಿಹಾರವೂ ಉಂಟು. 2019ರ ನಿಯಮದಲ್ಲೇ ಹಾಗಿದೆ. ಮಾಹಿತಿ ಹಾಳೆ ಕನ್ನಡದಲ್ಲಿ ಕೊಡಿ ಎಂದು ಕೇಳುವುದು ನಿಮ್ಮ ಹಕ್ಕು. ಅಧ್ಯಯನ ನ್ಯಾಯವಾಗಿ ನಡೆಯುತ್ತಿದೆಯೇ ಎಂದು ನೋಡುವ ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಅದರಲ್ಲಿರಬೇಕು. ಬೇಡ ಎಂದರೂ, ನಡುವೆ ಬಿಟ್ಟರೂ ಮಗುವಿನ ಚಿಕಿತ್ಸೆ ಮೊದಲಿನಂತೆಯೇ ನಡೆಯಬೇಕು.

ಸಹಿ ಹಾಕಬೇಕಾದವರು ಅವಳ ಅಪ್ಪ, ಅಮ್ಮ. ಆದರೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿಯ ಪ್ರಕಾರ 7 ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಬಾಯಿಮಾತಿನಲ್ಲಿ ಕೇಳಬೇಕು. ನಿಮ್ಮ ಮೊಮ್ಮಗಳಿಗೆ 8. ಸೂಜಿ ಚುಚ್ಚುವುದು ಅವಳ ಕೈಗೆ. ಅವಳಿಗೆ ಅರ್ಥವಾಗುವ ಹಾಗೆ ಹೇಳಲಿ, ಅವಳ ಉತ್ತರಕ್ಕೆ ಕಾಯಲಿ. ನನಗಂತೂ ಈ ನಿಯಮ ತುಂಬ ಇಷ್ಟ.

ಇನ್ನು ನಿಮ್ಮ ಕಣ್ಣು. ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಸೂಜಿಗೆ ದಾರ ಪೋಣಿಸಲು ರೆಟಿನಾದ (ಕಣ್ಣಿನೊಳಗೆ ಹಿಂದುಗಡೆ ಇರುವ ಪರದೆ) ನಡುವಿನ ಸಣ್ಣ ಜಾಗ ಚೆನ್ನಾಗಿದ್ದರೆ ಸಾಕು. ಸಕ್ಕರೆ ಕಾಯಿಲೆ ಹಾಳು ಮಾಡುವ ಸಣ್ಣ ರಕ್ತನಾಳಗಳು ಅದರ ಸುತ್ತಲೂ ಇವೆ. ಅವು ಊದಿ, ಸೋರಿ, ಹೊಸ ಬಲವಿಲ್ಲದ ನಾಳಗಳು ಬೆಳೆಯುವವರೆಗೂ ನಿಮಗೆ ಏನೂ ಗೊತ್ತಾಗದೆ ಇರಬಹುದು. ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿದರೆ ಇದು ತಿಳಿಯುವುದಿಲ್ಲ. ಡ್ರಾಪ್ಸ್ ಹಾಕಿ, ಪಾಪೆ ಅಗಲವಾದ ಮೇಲೆ ಒಳಗೆ ನೋಡಬೇಕು. ದೊಡ್ಡವರಾದ ಮೇಲೆ ಬರುವ ನಿಮ್ಮ ಬಗೆಯ (ಟೈಪ್ 2) ಡಯಾಬಿಟಿಸ್ ಇರುವವರು ಕಾಯಿಲೆ ಗೊತ್ತಾದ ವರ್ಷವೇ ನೋಡಿಸಬೇಕು, ಆಮೇಲೆ ವರ್ಷಕ್ಕೊಮ್ಮೆ. ನಿಮ್ಮದು 12 ವರ್ಷ ತಡವಾಗಿದೆ.

ಅಮೆರಿಕದಲ್ಲಿ 1970ರ ದಶಕದಲ್ಲಿ 1700ಕ್ಕೂ ಹೆಚ್ಚು ಡಯಾಬಿಟಿಸ್ ರೋಗಿಗಳು ಒಂದು ಅಧ್ಯಯನಕ್ಕೆ ಒಪ್ಪಿದರು. ಒಂದು ಕಣ್ಣಿಗೆ ಲೇಸರ್, ಇನ್ನೊಂದು ಕಣ್ಣು ಹಾಗೇ. ಲೇಸರ್ ಮಾಡಿದ ಕಣ್ಣುಗಳಲ್ಲಿ ದೃಷ್ಟಿ ತೀರಾ ಹೋಗುವುದು ಅರ್ಧಕ್ಕಿಂತಲೂ ಕಡಿಮೆಯಾಯಿತು. 1976ರಲ್ಲಿ ಅದು ಸ್ಪಷ್ಟವಾದಾಗ, ಅಧ್ಯಯನ ಮುಗಿಯಲಿ ಎಂದು ಕಾಯಲಿಲ್ಲ. ಅಪಾಯದಲ್ಲಿದ್ದ ಇನ್ನೊಂದು ಕಣ್ಣಿಗೂ ಲೇಸರ್ ಮಾಡಲು ನಿಯಮ ಬದಲಿಸಿದರು. ಪ್ರಯೋಗ ಮಾಡ್ತಾರಾ ಎಂದು ಕೇಳಿದಿರಲ್ಲ, ಸರಿಯಾಗಿ ನಡೆದ ಪ್ರಯೋಗ ಹೀಗಿರುತ್ತದೆ. ನಾಳೆ ನಿಮಗೆ ಲೇಸರ್ ಬೇಕಾದರೆ ಅದು ಅವರ ಕಣ್ಣಿನಿಂದ ಬಂದ ತಿಳಿವಳಿಕೆ.

ಖರ್ಚಿನ ಚಿಂತೆ ನನಗೂ ಅರ್ಥವಾಗುತ್ತದೆ. ರೆಟಿನಾದ ನಡುವೆ ನೀರು ತುಂಬಿದರೆ ಕಣ್ಣಿಗೆ ಇಂಜೆಕ್ಷನ್ ಕೊಡುತ್ತಾರೆ. ಮೂರು ಔಷಧಗಳನ್ನು ಹೋಲಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ದೃಷ್ಟಿ ಸ್ವಲ್ಪವೇ ಕಡಿಮೆಯಾಗಿದ್ದವರಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ ಫಲ ಕೊಟ್ಟವು. ಅದರಲ್ಲಿ ಬೆವಾಸಿಝುಮ್ಯಾಬ್ ಬೆಲೆ ಉಳಿದವಕ್ಕಿಂತ ತುಂಬ ಕಡಿಮೆ. ದೃಷ್ಟಿ ಜಾಸ್ತಿ ಕೆಟ್ಟಿದ್ದವರಲ್ಲಿ ದುಬಾರಿಯಾದ ಅಫ್ಲಿಬರ್ಸೆಪ್ಟ್ ಮುಂದಿತ್ತು. ಅಂದರೆ ಬೇಗ ಹೋದರೆ ಅಗ್ಗದ ಔಷಧವೇ ಸಾಕಾಗಬಹುದು.

ನೇಜಿ ಎಂದಿರಿ, ಅದಕ್ಕೆ ಒಂದು ಮಾತು. ಮೆಲಿಯಾಯ್ಡೋಸಿಸ್ ಎಂಬ ಸೋಂಕು ನಮ್ಮ ಉಡುಪಿ, ಮಂಗಳೂರು ಕಡೆ ಇದೆ. ಮಣಿಪಾಲದ ವೈದ್ಯರು ವರ್ಷಗಳಿಂದ ಇದರ ಬಗ್ಗೆ ಬರೆಯುತ್ತಿದ್ದಾರೆ. ಮಣ್ಣು, ನೀರಿನಲ್ಲಿರುವ ಬ್ಯಾಕ್ಟೀರಿಯಾ ಕಾಲಿನ ಗಾಯದಿಂದ ಒಳಗೆ ಹೋಗುತ್ತದೆ, ಮಳೆಗಾಲದಲ್ಲಿ ಜಾಸ್ತಿ. ಹೆಚ್ಚಾಗಿ ಹಿಡಿಯುವುದು ಸಕ್ಕರೆ ಕಾಯಿಲೆಯವರನ್ನು. ಕ್ಷಯದ ಹಾಗೆಯೇ ಕಾಣುವುದೂ ಉಂಟು. ಗದ್ದೆಗೆ ಇಳಿಯುವುದಾದರೆ ಗಂಬೂಟು ಹಾಕಿಕೊಳ್ಳಿ. ಆಮೇಲೆ ಬಿಡದ ಜ್ವರ ಬಂದರೆ, ಸಕ್ಕರೆ ಕಾಯಿಲೆ ಇದೆ, ಗದ್ದೆಯಲ್ಲಿ ಕೆಲಸ ಮಾಡಿದ್ದೆ ಎಂದು ಡಾಕ್ಟರಿಗೆ ನೀವಾಗಿಯೇ ಹೇಳಿ.

ಕಣ್ಣು ಮಾತ್ರ ನೇಜಿ ಮುಗಿಯುವವರೆಗೆ ಬೇಡ. ಮೊಮ್ಮಗಳನ್ನು ಮುಂದಿನ ಸಲ ಕರೆದುಕೊಂಡು ಹೋಗುವ ದಿನವೇ ನೀವೂ ತೋರಿಸಿ. ಸಕ್ಕರೆ, ಬಿಪಿ ಚೀಟಿಗಳು ಕೈಯಲ್ಲಿರಲಿ, ಮಗನೂ ಜೊತೆಗಿರಲಿ. ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಹತ್ತಿರದ ಅಕ್ಷರ ಮಂಜಾಗಿ ಕಾಣುತ್ತದೆ. ಹಾಗಾಗಿ ಮಗುವಿನ ಅಧ್ಯಯನದ ಹಾಳೆಯನ್ನು ಮೊದಲು ಕೂತು ಓದಿ, ಕಣ್ಣಿನ ವಿಭಾಗಕ್ಕೆ ಆಮೇಲೆ ಹೋಗಿ.

– ಸಂ.