ಹೆಚ್ಚುವರಿ ಪಾಯಿಂಟ್‌ಗಳಿಗೆ ಗ್ರಾಹಕರು ದುಡ್ಡು ಕೊಡುತ್ತಿಲ್ಲ

ಮನೆ ವೈರಿಂಗ್‌ಗೆ ಕೊಟೇಶನ್ ಮೇಲ್ ಮಾಡಿದ್ದರೂ, ಆಮೇಲೆ ಹಾಕಿದ ಪಾಯಿಂಟ್‌ಗಳಿಗೆ (ಸಾಕೆಟ್, ಲೈಟ್‌ನಂಥ ಕನೆಕ್ಷನ್‌ಗಳಿಗೆ) ಗ್ರಾಹಕರು ತಕರಾರು ಮಾಡುತ್ತಿದ್ದಾರೆ ಅಂದಿರಲ್ಲ, ಆ ಕೆಲಸದ ಒಪ್ಪಿಗೆ ಬಹುಶಃ ಬಾಯಿಮಾತಲ್ಲೇ ಉಳಿದಿದೆ.

ಮೊದಲು ಹಳೆಯ ಕೊಟೇಶನ್ ಮೇಲ್‌ಗೇ ರಿಪ್ಲೈ ಮಾಡಿ. ಹೊಸ ಮೇಲ್ ಬೇಡ, ಎಲ್ಲ ಒಂದೇ ಕಡೆ ಸಿಗಬೇಕು ಅಲ್ವಾ? ಕೋಣೆವಾರು ಬರೆಯಿರಿ: "ಅಡುಗೆಮನೆ: ಓವನ್‌ಗೆ ಪವರ್ ಸಾಕೆಟ್ 1, ಡಿಬಿಯಿಂದ ಬೇರೆ ಲೈನ್, ಹೊಸ ಎಂಸಿಬಿ 1." (ಡಿಬಿ ಅಂದರೆ ಮನೆಗೆಲ್ಲ ಕರೆಂಟ್ ಹಂಚುವ ಬೋರ್ಡ್, ಎಂಸಿಬಿ ಅಂದರೆ ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್.) ಪ್ರತಿ ಸಾಲಿಗೂ ದರ ಹಾಕಿ. "ಎಕ್ಸ್‌ಟ್ರಾ ಕೆಲಸ" ಅಂತ ಸುಮ್ನೆ ಒಂದು ಮೊತ್ತ ಬರೆದರೆ ಯಾರಿಗಾದರೂ ಅನುಮಾನ ಬರುತ್ತದೆ. ಗೋಡೆಯೊಳಗಿನ ವೈರ್ ಅವರ ಕಣ್ಣಿಗೆ ಕಾಣುವುದಿಲ್ಲ, ಪಾಪ. ಪ್ಲಾಸ್ಟರ್‌ಗೆ ಮುಂಚೆ ತೆಗೆದ ವೈರಿಂಗ್ ಪೈಪಿನ ಫೋಟೋ ಇದ್ದರೆ ಖಂಡಿತ ಸೇರಿಸಿ. ಜಿಮೇಲ್‌ನಲ್ಲಿ ಅಟ್ಯಾಚ್‌ಮೆಂಟ್ ಮಿತಿ 25 ಎಂಬಿ, ಹಾಗಾಗಿ ಸೈಜ್ ಕಡಿಮೆ ಮಾಡಿ ಕಳಿಸಿ.

ಎರಡು ದಿನ ಉತ್ತರ ಬರದಿದ್ದರೆ ಫೋನ್ ಮಾಡಿ, ಸ್ಪ್ಯಾಮ್ ಫೋಲ್ಡರ್ ನೋಡಲು ಹೇಳಿ. ಬರಹದಲ್ಲಿ ಒಪ್ಪಿಗೆ ಇಲ್ಲದಿರುವುದರಿಂದ ಹಳೆಯ ಬಾಕಿ ಪೂರ್ತಿ ಬರುತ್ತದೆ ಅಂತ ಖಾತ್ರಿ ಕೊಡಲಾರೆ.

ಇನ್ನು ಮುಂದೆ, ಸೈಟಲ್ಲಿ ಅಥವಾ ಫೋನಲ್ಲಿ ಅವರು ಏನೇ ಸೇರಿಸಿದರೂ ಅವತ್ತೇ ಮೇಲ್ ಹಾಕಿ: ಏನು ಕೆಲಸ, ಎಷ್ಟು ದುಡ್ಡು, ಎಷ್ಟು ದಿನ ಜಾಸ್ತಿ. ಕೊನೆಗೆ "ಒಪ್ಪಿಗೆ ಇದ್ದರೆ 'ಸರಿ' ಅಂತ ರಿಪ್ಲೈ ಮಾಡಿ, ಆಮೇಲೆ ಶುರು ಮಾಡುತ್ತೇವೆ" ಎಂದು ಬರೆಯಿರಿ. ಆ ಉತ್ತರ ಬರುವವರೆಗೂ ಗೋಡೆ ಕೊರೆಯಬೇಡಿ.