ಅಮೆರಿಕದಲ್ಲಿ ಕಡಿಮೆ ಆದಾಯದವರಿಗೆ ಬಾಡಿಗೆ ಮನೆ ಒದಗಿಸುವ ನಗರ ವಸತಿ ಪ್ರಾಧಿಕಾರದ ಮಂಡಳಿಯನ್ನು ಯಾರು ನೇಮಿಸುತ್ತಾರೆ? ಬಾಡಿಗೆದಾರರಿಗೂ ಸ್ಥಾನವಿದೆಯೇ?

ಸಾಮಾನ್ಯವಾಗಿ ಮೇಯರ್ ನೇಮಿಸುತ್ತಾರೆ. ಎಷ್ಟು ಜನ, ಎಷ್ಟು ವರ್ಷ ಎಂಬುದು ರಾಜ್ಯ ಕಾನೂನಿಗೆ ಬಿಟ್ಟದ್ದು. ನ್ಯೂಯಾರ್ಕಿನಲ್ಲಿ ಏಳು ಸದಸ್ಯರು, ಅವರಲ್ಲಿ ಮೂವರು ನಿವಾಸಿಗಳೇ. ಬಜೆಟ್, ಗುತ್ತಿಗೆಗಳಿಗೆ ಮಂಡಳಿ ಒಪ್ಪಿಗೆ ಕೊಡುತ್ತದೆ. ದಿನನಿತ್ಯದ ಆಡಳಿತ ಅದರ ಕೆಲಸವಲ್ಲ.

ಬಾಡಿಗೆದಾರರ ಸ್ಥಾನ ಯಾರ ದಯೆಯೂ ಅಲ್ಲ, 1998ರ ಕೇಂದ್ರ ಕಾನೂನು ಕೊಟ್ಟ ಹಕ್ಕು. ಕನಿಷ್ಠ ಒಬ್ಬ ಸದಸ್ಯರು ಪ್ರಾಧಿಕಾರದ ನೆರವನ್ನು ನೇರವಾಗಿ ಪಡೆಯುತ್ತಿರಬೇಕು. 18 ವರ್ಷ ತುಂಬಿರಬೇಕು, ಬಾಡಿಗೆ ಕರಾರಿನಲ್ಲಿ ಹೆಸರಿರಬೇಕು. 300ಕ್ಕಿಂತ ಕಡಿಮೆ ಮನೆಗಳಿರುವ ಕಡೆ, ನಿವಾಸಿಗಳ ಸಲಹಾ ಮಂಡಳಿಗೆ ತಿಳಿಸಿ ಕನಿಷ್ಠ 30 ದಿನ ಕಾದರೂ ಯಾರೂ ಮುಂದೆ ಬಾರದಿದ್ದರೆ ವಿನಾಯಿತಿಯುಂಟು.

ಎಡವುವುದು ಮತದಾನದಲ್ಲಿ. “ನೀವೇ ಬಾಡಿಗೆದಾರರು, ಈ ವಿಷಯಕ್ಕೆ ಮತ ಹಾಕಬೇಡಿ” ಎಂದು ಅವರನ್ನು ಹೊರಗಿಡುವುದು ತಪ್ಪು. ಎಲ್ಲ ನಿವಾಸಿಗಳಿಗೂ ಅನ್ವಯಿಸುವ ಬಾಡಿಗೆ, ದುರಸ್ತಿ ನಿಯಮಗಳಿಗೆ ಅವರು ಮತ ಹಾಕಬಹುದು. ತಮ್ಮೊಬ್ಬರಿಗೇ ಸಂಬಂಧಿಸಿದ ಪ್ರಕರಣವಾದರೆ ಮಾತ್ರ ದೂರ ಉಳಿಯಬೇಕು.