ಗಿಟಾರ್ ಆಂಪ್ ಕಟ್ಟುವ ಹಿರಿಯರು ಕೆಲಸ ಬಿಟ್ಟ ಮೇಲೆ ಆ ಆಂಪ್‌ಗಳ ಗತಿ ಏನು?

ಅಮೆರಿಕದಲ್ಲಿ ಒಬ್ಬರು ಒಂದೊಂದಾಗಿ ಕೈಯಲ್ಲೇ ಕಟ್ಟುವ ವಾಲ್ವ್ ಆಂಪ್ (ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವ್‌ಗಳಿಂದ ಗಿಟಾರ್ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) ತರಿಸಬೇಕು ಅಂತಿದ್ದೀರಿ. ಅವರಿಗೆ ಎಪ್ಪತ್ತು ದಾಟಿದೆ, ಮಕ್ಕಳಿಗೆ ಈ ಕೆಲಸದಲ್ಲಿ ಆಸಕ್ತಿ ಇಲ್ಲ. ನಾಳೆ ಅವರು ಅಂಗಡಿ ಮುಚ್ಚಿದರೆ ನನ್ನ ಆಂಪ್‌ಗೆ ಯಾರು ದಿಕ್ಕು, ಇಂಥ ಸಣ್ಣ ತಯಾರಕರೆಲ್ಲ ಒಂದೇ ತಲೆಮಾರಿಗೆ ಮುಗಿದುಹೋಗ್ತಾರಾ ಅಂತ ಕೇಳಿದ್ದೀರಿ. ನಿಮ್ಮ ಊರು ಗೋಣಿಕೊಪ್ಪ ಅಂತ ನೋಡಿ ಉತ್ತರ ಬರೆಯಲೇಬೇಕು ಅನ್ನಿಸಿತು. ನಾನು ಸೋಮವಾರಪೇಟೆ ಕಡೆಯವನು. ಚರ್ಚ್‌ನಲ್ಲಿ, ಮದುವೆಗಳಲ್ಲಿ ಗಿಟಾರ್ ನುಡಿಸುತ್ತೇನೆ. ಇಂಥದ್ದೇ ಒಂದು ಆಂಪ್ ನನ್ನ ಹತ್ತಿರ ಇದೆ. ಅದನ್ನು ಕಟ್ಟಿದವರು ಈಗ ಕೆಲಸ ಬಿಟ್ಟಿದ್ದಾರೆ.

ತರಿಸಿಕೊಳ್ಳಿ. ಆದರೆ ಅವರ ವಯಸ್ಸು ಕೇಳುವ ಬದಲು, ಮಾಡಿದ್ದನ್ನೆಲ್ಲ ಬರೆದಿಟ್ಟಿದ್ದೀರಾ ಅಂತ ಕೇಳಿ. ಯಾಕೆ ಅಂತ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಜುಲೈ ತಿಂಗಳು. ನಮ್ಮ ಕಡೆ ಆ ತಿಂಗಳು ಹೇಗಿರುತ್ತೆ ಅಂತ ನಿಮಗೆ ಗೊತ್ತು, ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಹಿಡಿಯುತ್ತೆ. ಮೂರು ದಿನ ಕರೆಂಟ್ ಇರಲಿಲ್ಲ. ಬಂದ ದಿನ ಆಂಪ್ ಹಾಕಿದೆ. ಹತ್ತು ನಿಮಿಷಕ್ಕೆ ಸದ್ದು ಕುಗ್ಗಿ, ಒಡೆದ ಹಾಗೆ ಕೇಳಿಸಿತು. ವಾಲ್ವ್ ಬದಲಿಸಿದೆ, ಪ್ರಯೋಜನ ಆಗಲಿಲ್ಲ. ಆಫ್ ಮಾಡಿ, ಪ್ಲಗ್ ಕಿತ್ತು, ಕಂಡೆನ್ಸರ್‌ಗಳಲ್ಲಿ ಉಳಿದ ಚಾರ್ಜ್ ಇಳಿಸಿ ಮೀಟರ್ ಇಟ್ಟೆ. (ಈ ಆಂಪ್‌ಗಳ ಒಳಗೆ 400 ವೋಲ್ಟ್ ಸುತ್ತಮುತ್ತ ಇರುತ್ತೆ, ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ನಿಂತಿರುತ್ತೆ. ಅಭ್ಯಾಸ ಇಲ್ಲದಿದ್ದರೆ ದಯವಿಟ್ಟು ಕೈ ಹಾಕಬೇಡಿ.) ವಾಲ್ವ್‌ಗಳಿಂದ ಸ್ಪೀಕರ್‌ಗೆ ಸದ್ದು ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಅರ್ಧ ವೈಂಡಿಂಗ್ (ತಂತಿಯ ಸುತ್ತು) ತುಂಡಾಗಿತ್ತು. ವಾಲ್ವ್ ಎಲ್ಲಾದರೂ ಸಿಗುತ್ತೆ. ಆ ಟ್ರಾನ್ಸ್‌ಫಾರ್ಮರ್ ಆಂಪ್ ಕಟ್ಟಿದವರೇ ಸುತ್ತಿದ್ದು, ಬೇರೆಲ್ಲೂ ಸಿಗಲ್ಲ.

ಅವರಿಗೆ ಮೇಲ್ ಮಾಡಿದೆ. ಅವರ ಮಗಳು ಉತ್ತರ ಕೊಟ್ಟರು. ಅಪ್ಪನಿಗೆ ಕೈ ನಡುಗುತ್ತೆ, ಈಗ ಮಾಡುತ್ತಿಲ್ಲ ಅಂದರು. ನನಗೆ ಎದೆ ಧಸಕ್ ಅಂತು. ಎರಡು ದಿನ ಬಿಟ್ಟು ಆ ಮಗಳೇ ಒಂದು ಫೋಟೋ ಕಳಿಸಿದರು. ಗೆರೆ ಎಳೆದ ನೋಟ್‌ಬುಕ್ಕಿನ ಪುಟ. ಮೇಲೆ ನನ್ನ ಆಂಪ್‌ನ ನಂಬರ್. ಕೆಳಗೆ ತಂತಿಯ ಗೇಜು, ಸುತ್ತುಗಳ ಲೆಕ್ಕ, ಯಾವ ಪದರದ ಮೇಲೆ ಯಾವ ಪದರ, ನಡುವೆ ಎಂಥ ಕಾಗದ, ಎಲ್ಲ ಇತ್ತು.

ಅದನ್ನು ಕುಶಾಲನಗರದಲ್ಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವ ಒಬ್ಬ ಅಣ್ಣನ ಹತ್ತಿರ ಒಯ್ದೆ. ಅವರು ಗಿಟಾರ್ ಆಂಪ್ ಒಳಗೆ ನೋಡಿದವರೇ ಅಲ್ಲ. ಪುಟ ನೋಡಿ ಸ್ವಲ್ಪ ಹೊತ್ತು ಸುಮ್ನೆ ಕೂತರು. ಮಾಮೂಲಿ ಟ್ರಾನ್ಸ್‌ಫಾರ್ಮರ್‌ನಲ್ಲಿ ಒಂದು ವೈಂಡಿಂಗ್ ಪೂರ್ತಿ ಮುಗಿಸಿ ಅದರ ಮೇಲೆ ಇನ್ನೊಂದು ಸುತ್ತುತ್ತಾರೆ. ಇಲ್ಲಿ ಪ್ರೈಮರಿಯನ್ನು (ವಾಲ್ವ್ ಕಡೆಯ ಸುತ್ತು) ಭಾಗ ಮಾಡಿ, ನಡುನಡುವೆ ಸೆಕೆಂಡರಿ (ಸ್ಪೀಕರ್ ಕಡೆಯ ಸುತ್ತು) ಸೇರಿಸಿ ಸುತ್ತಿದ್ದರು. ಹಾಗೆ ಮಾಡಿದರೇನೇ ತಾರಸ್ವರ ಮಂಕಾಗದೆ ಸ್ಪೀಕರ್ ತಲುಪುವುದು. "ಈ ಹಾಳೆ ಇಲ್ದಿದ್ರೆ ಒಂದೊಂದೇ ಸುತ್ತು ಬಿಚ್ಚಿ ಎಣಿಸ್ಬೇಕಿತ್ತು ಸಾರ್, ಸುಟ್ಟ ಜಾಗದಲ್ಲಿ ಎಣಿಸೋದು ಹೇಗೆ?" ಅಂದರು. ನಾಲ್ಕು ದಿನ ಹಿಡಿಯಿತು. ಮನೆಗೆ ತಂದು ಹಾಕಿದಾಗ ಮೊದಲ ತಂತಿಯ ಸದ್ದು ನನಗೆ ಪರಿಚಯದ ಸದ್ದೇ ಆಗಿತ್ತು.

ದೊಡ್ಡ ಹೆಸರುಗಳ ಕಥೆಯೂ ಇಲ್ಲಿಗೇ ಬರುತ್ತೆ. ಕ್ಯಾಲಿಫೋರ್ನಿಯಾದ ಅಲೆಕ್ಸಾಂಡರ್ ಡಂಬಲ್ ಇಡೀ ಜೀವನದಲ್ಲಿ ಕಟ್ಟಿದ್ದು ಸುಮಾರು 300 ಆಂಪ್. ಯಾರೂ ನಕಲು ಮಾಡಬಾರದು ಅಂತ ಸರ್ಕ್ಯೂಟ್ ಮೇಲೆ ಕಲ್ಲಿನ ಹಾಗೆ ಗಟ್ಟಿಯಾಗುವ ಎಪಾಕ್ಸಿ ಅಂಟು ಸುರಿದು ಮುಚ್ಚುತ್ತಿದ್ದರು. 2022ರ ಜನವರಿಯಲ್ಲಿ ತೀರಿಕೊಂಡರು. ಅಂಟು ಕೆರೆದು ನಕಲು ಮಾಡುವವರು ಹೇಗೂ ಮಾಡಿದರು. ತೊಂದರೆ ಆಗುವುದು ರಿಪೇರಿ ಮಾಡುವವನಿಗೆ. ಅವರ ಕೆಲಸದ ಮೇಲೆ ನನಗೆ ತುಂಬಾ ಗೌರವ ಇದೆ, ಆದರೆ ಆ ಅಂಟು ನನಗೆ ಒಪ್ಪಿಗೆಯಾಗಲ್ಲ.

ನ್ಯೂಜೆರ್ಸಿಯ ಕೆನ್ ಫಿಶರ್ ಇನ್ನೊಂದು ದಾರಿ ಹಿಡಿದರು. ಅವರ ಟ್ರೈನ್‌ರೆಕ್ ಆಂಪ್‌ಗಳಿಗೆ ಸೀರಿಯಲ್ ನಂಬರ್ ಇಲ್ಲ, ಒಂದೊಂದಕ್ಕೂ ಹೆಣ್ಣುಮಕ್ಕಳ ಹೆಸರು. ಕಾಯಿಲೆ ಬಿದ್ದು ಕಟ್ಟುವುದು ಕಷ್ಟವಾದಾಗ ಲೂಸಿಯಾನಾದ ಕೋಮೆಟ್ ಅನ್ನುವ ಸಣ್ಣ ಕಂಪನಿಗೆ ಕೋಮೆಟ್ 60 ಆಂಪ್‌ನ ಡಿಸೈನ್ ಮಾಡಿಕೊಟ್ಟರು. 2006ರಲ್ಲಿ ಅವರು ತೀರಿಹೋದ ಮೇಲೂ ಆ ಡಿಸೈನ್ ಬೇರೆಯವರ ಕೈಯಲ್ಲಿ ಉಳಿಯಿತು.

ಮಾರಿಬಿಡುವುದು ಮೂರನೇ ದಾರಿ. ಲಿಯೋ ಫೆಂಡರ್ 1965ರಲ್ಲಿ ತಮ್ಮ ಗಿಟಾರ್, ಆಂಪ್ ಕಂಪನಿಯನ್ನು ಅಮೆರಿಕದ ರೇಡಿಯೋ-ಟಿವಿ ಸಂಸ್ಥೆ ಸಿಬಿಎಸ್‌ಗೆ 1.3 ಕೋಟಿ ಡಾಲರ್‌ಗೆ ಕೊಟ್ಟರು. ಅದಕ್ಕೆ ಮುಂಚಿನ ಫೆಂಡರ್‌ಗೆ ಇವತ್ತಿಗೂ ಬೆಲೆ ಜಾಸ್ತಿ. 1985ರಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದವರೇ ಸೇರಿ ಅದನ್ನು ವಾಪಸ್ ಕೊಂಡರು. ಆಂಪ್ ಕಂಪನಿ ಮೆಸಾ ಬೂಗಿ 2021ರಲ್ಲಿ ಗಿಟಾರ್ ಕಂಪನಿ ಗಿಬ್ಸನ್ ಕೈಗೆ ಹೋಯಿತು. ಮಾರ್ಷಲ್ ಆಂಪ್ ಕಂಪನಿ ಶುರು ಮಾಡಿದ ಜಿಮ್ ಮಾರ್ಷಲ್ ತೀರಿಕೊಂಡ ಹನ್ನೊಂದು ವರ್ಷಕ್ಕೆ, 2023ರಲ್ಲಿ, ಅದೇ ಹೆಸರಲ್ಲಿ ಹೆಡ್‌ಫೋನ್ ಮಾಡುತ್ತಿದ್ದ ಸ್ವೀಡನ್ ಕಂಪನಿ ಮಾರ್ಷಲ್ ಅನ್ನೇ ಕೊಂಡುಕೊಂಡಿತು. ಹೆಸರಿಗೆ ಗಿರಾಕಿ ಸಿಕ್ಕೇ ಸಿಗುತ್ತೆ. ಆದರೆ ವರ್ಷಕ್ಕೆ ನೂರು ಆಂಪ್ ಕಟ್ಟುವ ಅಂಗಡಿಯಲ್ಲಿ ಹೆಸರು ಬೇರೆ, ಕೈ ಬೇರೆ ಅಲ್ಲ ಅಲ್ವಾ? ಅಲ್ಲಿ ನಿಜವಾದ ವಾರಸುದಾರರು ಪಕ್ಕದ ಬೆಂಚಿನಲ್ಲಿ ಕೂತು ಸೋಲ್ಡರಿಂಗ್ ಮಾಡಿದವರು. ಮಗನಿಗಿಂತ, ದುಡ್ಡು ಹಾಕುವವರಿಗಿಂತ ಅವರ ಮೇಲೇ ನನಗೆ ನಂಬಿಕೆ.

ವಾಲ್ವ್ ಬಗ್ಗೆ ಒಂದು ಮಾತು. ಈಗ ವಾಲ್ವ್ ಹೆಚ್ಚಾಗಿ ಬರುವುದು ಸ್ಲೊವಾಕಿಯಾ, ರಷ್ಯಾ, ಚೀನಾದ ಬೆರಳೆಣಿಕೆಯ ಕಾರ್ಖಾನೆಗಳಿಂದ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ರಷ್ಯಾದ ವಾಲ್ವ್ ನಿಂತುಹೋಗಿ ಎಲ್ಲರೂ ಪರದಾಡಿದರು. ಹಾಗಾಗಿ ಆಂಪ್ ಜೊತೆಗೇ ಒಂದು ಜೊತೆ ಹೆಚ್ಚಿಗೆ ತರಿಸಿಡಿ. ಬೆಂಗಳೂರಿನ ಬಿಇಎಲ್ ಕೂಡ ಒಂದು ಕಾಲದಲ್ಲಿ ರೇಡಿಯೋ ವಾಲ್ವ್ ಮಾಡುತ್ತಿತ್ತು. ಹಳೇ ರೇಡಿಯೋ ಮೆಕ್ಯಾನಿಕ್‌ಗಳ ಡಬ್ಬಿಯಲ್ಲಿ ಹುಡುಕಿದರೆ ಅದೃಷ್ಟ ಇದ್ದರೆ ಸಿಗುತ್ತೆ.

ನಿಮ್ಮ ಆಂಪ್ ಕಟ್ಟುವ ಆ ಹಿರಿಯರಿಗೆ ಬರೆಯುವಾಗ ಸಂಕೋಚ ಬೇಡ. ಸರ್ಕ್ಯೂಟ್ ಚಿತ್ರ ಮತ್ತು ಎರಡೂ ಟ್ರಾನ್ಸ್‌ಫಾರ್ಮರ್‌ಗಳ (ಪವರ್, ಔಟ್‌ಪುಟ್) ವೈಂಡಿಂಗ್ ವಿವರ ಕೇಳಿ. ಬೇರೆ ಯಾರಿಗೂ ಕೊಡಲ್ಲ, ರಿಪೇರಿಗೆ ಮಾತ್ರ ಅಂತ ಮಾತು ಕೊಡಿ. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಜ್. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಜ್. ಇದಕ್ಕೆ ಸರಿಯಾದ ಪವರ್ ಟ್ರಾನ್ಸ್‌ಫಾರ್ಮರ್ ಹಾಕಿಯೇ ಕಳಿಸಿ ಅನ್ನಿ. ವಿವರ ಕೊಡಲು ಒಪ್ಪಿದರೆ ಯೋಚಿಸದೆ ಮುಂಗಡ ಕಳಿಸಿ. ಒಪ್ಪದಿದ್ದರೆ ನಾನಾಗಿದ್ದರೆ ಬೇರೆಯವರನ್ನು ಹುಡುಕುತ್ತಿದ್ದೆ.

ಬಂದ ಮೇಲೆ ಸ್ಟೆಬಿಲೈಜರ್ ಇಲ್ಲದೆ ಹಾಕಬೇಡಿ. ಮಳೆಗಾಲದಲ್ಲಿ ನುಡಿಸದಿದ್ದರೂ ವಾರಕ್ಕೆರಡು ಸಲ ಸ್ಪೀಕರ್ ಜೋಡಿಸಿ ಅರ್ಧ ಗಂಟೆ ಆನ್ ಮಾಡಿಡಿ. ವಾಲ್ವ್‌ಗಳ ಬಿಸಿಗೆ ಒಳಗಿನ ತೇವ ಆರುತ್ತೆ. ನಾನು ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಹಾಗೇ ಮಾಡುತ್ತಿದ್ದೇನೆ.